ಮುತ್ತಜ್ಜನಿಗೊಂದು ಕುದುರೆ

ಕಿತ್ತೂರಿನ ಕಾಳಗದಲ್ಲಿ ಕಂಪನಿ ಸರಕಾರದ ತೋಪಿನ ಬಾಯಿಗೆ ಕುಂಬಳಕಾಯಿ ತುರುಕಿ ಅದನ್ನು ಬಂದ್ ಮಾಡಿದವನು ನನ್ನ ಮುತ್ತಜ್ಜ. ಇದು ಸುಳ್ಳು. ನಮ್ಮ ಮನೆತನದಲ್ಲಿ ಯಾರೂ ತೋಪಿನ ಸನಿಹಕ್ಕೆ ಹೋದವರಲ್ಲ, ಹೋಗುವ ಪೈಕಿಯೂ ಅಲ್ಲ. ಆದರೆ ಹಿರಿಯರ ಬೇರು ಅಗೆಯಲು ಹೊರಟವನಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ನನಗೆ ಒಂದೇ ಲಗ್ನದ ಸಲುವಾಗಿ ಊರೂರಿಗೊಂದು ಆಯಿತು.

ನಾವು ಮೇಲವಂಕಿಯವರು. ನನ್ನ ತಮ್ಮನಿಗೆ ಹುಕ್ಕೇರಿಯ ಹುಡುಗಿಯೊಬ್ಬಳು ಮನಸ್ಸಿಗೆ ಬಂದಿದ್ದಳು. ಹುಡುಗಿಯ ಅಪ್ಪನದು ದೊಡ್ಡ ಕಮತ, ಮೀಸೆ ಅದಕ್ಕಿಂತ ದೊಡ್ಡದು. ಮಾತಿಗೆ ಕುಳಿತಾಗ ಆತ ಹೇಳಿದ: “ನಮ್ಮ ಮುತ್ತಜ್ಜ ಕಿತ್ತೂರ ದಂಡಿನ್ಯಾಗ ಬಾವುಟದ ನಿಶಾನಿ ಹಿಡದಾಂವರಿ. ನಮಗ ಸರಿಜೋಡಿ ಮನಿತನ ಇದ್ದರಷ್ಟ ಹೆಣ್ಣ ಕೊಡಾವ.”

“ನಮ್ಮ ಮುತ್ತಜ್ಜನೂ ಅದೇ ದಂಡಿನ್ಯಾಗ ಇದ್ದರಿ. ಕುದರಿ ಮ್ಯಾಲ,” ಅಂದೆ. ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವುದಿಲ್ಲ.

“ಹೌದಾ? ಹಂಗಾರ ಸಾಕ್ಷಿ ತರ್ರಿ.”

ಸಾಕ್ಷಿ ಸಿಗದಿದ್ದರೆ ಲಗ್ನವಿಲ್ಲ. ತಮ್ಮ ಊಟ ಬಿಟ್ಟ. ಅಂದರೆ ಮನೆಯಲ್ಲಿ ಬಿಟ್ಟ. ಹೊರಗೆ ತಿನ್ನುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಗೋಕಾಕದ ಖಡ್ಗ

ಗೋಕಾಕದಲ್ಲಿ ನಮ್ಮ ಸೋದರತ್ತೆಯ ಮನೆ. ಅವಳ ದೇವರ ಮಾಡದಲ್ಲಿ, ತವರಿನಿಂದ ಒಯ್ದ ನಮ್ಮ ಹಿರಿಯರ ಖಡ್ಗವಿದೆ ಎಂದು ಸಣ್ಣಂದಿನಿಂದ ಕೇಳಿದ್ದೆ. ಪ್ರತಿ ನವರಾತ್ರಿಗೆ ಅದಕ್ಕೆ ಪೂಜೆ. ಕೆಂಪು ವಸ್ತ್ರ ಸುತ್ತಿದ್ದು, ಮೇಲೆ ಅರಿಷಿಣ ಕುಂಕುಮ ಗಟ್ಟಿಯಾಗಿ ತೊಗಟೆಯ ಹಾಗೆ ಕೂತಿದೆ. ಬಿಚ್ಚಿದವರಿಲ್ಲ. ಅತ್ತೆ ನೀರಿಗೆ ಹೋದಾಗ ನಾನು ಬಿಚ್ಚಿದೆ.

ಒಳಗಿದ್ದುದು ಬೆಲ್ಲ ಕಾಸುವ ಕೊಪ್ಪರಿಗೆಯಲ್ಲಿ ಪಾಕ ತಿರುವುವ ಕಬ್ಬಿಣದ ಹುಟ್ಟು.

ಅತ್ತೆ ಕೊಡ ಇಳಿಸಿ ಬಂದವಳು ಬಾಗಿಲಲ್ಲೇ ನಿಂತಳು. ನಾನು ಹುಟ್ಟನ್ನು ಎತ್ತಿ ತೋರಿಸಿ, “ಅತ್ತಿ, ಇದರಿಂದ ಯಾರನ್ನ ಕೊಂದಾರ?” ಅಂದೆ.

ಅವಳು ಅದನ್ನು ಕಸಿದುಕೊಂಡು ಮತ್ತೆ ವಸ್ತ್ರ ಸುತ್ತಿದಳು. “ಸುಮ್ಮನಿರು. ಈ ಮನಿಗೆ ಬಂದಾಗಿಂದ ಕೈ ಮುಗದೇನಿ, ಬೇಡಿದ್ದ ಕೊಟ್ಟೈತಿ. ಈಗ ಅದಕ್ಕ ‘ನೀ ಹುಟ್ಟ’ ಅಂತ ಯಾವ ಬಾಯಲೆ ಹೇಳಲಿ?”

ಮೂಡಲಗಿಯ ಕಲ್ಲು

ನಮ್ಮ ಹಿರಿಯರು ಮೂಲತಃ ಮೂಡಲಗಿ ಕಡೆಯವರು. ಅಲ್ಲಿ ಬಾವಿಯ ಬಾಜೂ ಒಂದು ವೀರಗಲ್ಲು ನಿಂತಿದೆ. ಕಲ್ಲಿನ ಮೇಲೆ ಇಬ್ಬರು ಕಾದಾಡುತ್ತಿದ್ದಾರೆ, ಹಿಂದೆ ದನಗಳು. ಕಿತ್ತೂರಿನದಲ್ಲ, ಅದಕ್ಕಿಂತ ಬಹಳ ಹಳೆಯದು. ಇರಲಿ, ವೀರ ವೀರನೇ. ನಾನು ಎಣ್ಣೆ ಹಚ್ಚಿ, ಕಾಯಿ ಒಡೆದು, ನಮ್ಮ ಹಿರಿಯ ಎಂದು ಅಡ್ಡಬಿದ್ದೆ. ಅಲ್ಲೇ ಕಟ್ಟೆಯ ಮೇಲೆ ಊರ ಮುದುಕನೊಬ್ಬ ತಂಬಾಕು ತಿಕ್ಕುತ್ತ ಕುಳಿತಿದ್ದ.

“ಇಬ್ಬರೊಳಗ ನಿಮ್ಮಾಂವ ಯಾರಪಾ?”

“ದನಾ ಉಳಿಸಾಕ ಹೋಗಿ ಸತ್ತ ವೀರರಿ, ಕಾಕಾ.”

“ಅದು ಆಗೂದಿಲ್ಲ. ಅಂವ ಇನ್ನೂ ಲಗ್ನ ಇಲ್ಲದ ಹುಡುಗ ಇದ್ದ, ಇಲ್ಲೇ ಸತ್ತ ಅಂತ ನಮ್ಮ ಹಿರ್ಯಾರು ಹೇಳತಿದ್ದರು. ಅವನ ಬಳ್ಳಿ ಅಲ್ಲಿಗೇ ಮುಗೀತು.” ತಂಬಾಕು ಬಾಯಿಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮ ಮನಿತನ ಇನ್ನೂ ಬೆಳದೈತಿ ಅಂದರ, ನೀ ದನಾ ಹೊಡಕೊಂಡ ಹ್ವಾದವನ ಪೈಕಿ ಇರಬೇಕ ನೋಡು.”

ಹುಕ್ಕೇರಿಯ ಹೆಳವ

ಕಡೆಗೆ ಹುಡುಗಿಯ ಅಪ್ಪನೇ ಹೇಳಿ ಕಳಿಸಿದ: “ನಮ್ಮಲ್ಲಿ ಹೆಳವ ಬಂದಾನ. ನಿಮ್ಮ ಮನಿಗೂ ಅವನೇ ಹೆಳವ. ಅಂವ ಹೇಳಿದ್ದ ಖರೆ.”

ಹೆಳವ ಅಂದರೆ ಮನೆತನಗಳ ವಂಶಾವಳಿಯನ್ನೆಲ್ಲ ಬಾಯಿಪಾಠ ಇಟ್ಟುಕೊಂಡು, ಎತ್ತಿನ ಮೇಲೆ ಊರೂರು ತಿರುಗಿ, ಬಾಗಿಲ ಮುಂದೆ ನಿಂತು ಹೇಳಿ ಕಾಳು ಬಟ್ಟೆ ಒಯ್ಯುವವನು. ನಾನು ಹಿಂದಿನ ದಿನವೇ ಹುಕ್ಕೇರಿಗೆ ಹೋಗಿ, ಬೇವಿನ ಗಿಡದ ಕೆಳಗೆ ಎತ್ತಿಗೆ ಮೇವು ಹಾಕುತ್ತಿದ್ದ ಅವನ ತಲೆಗೆ ಜರಿಯ ರುಮಾಲು ಸುತ್ತಿದೆ.

“ನಮ್ಮ ಮುತ್ತಜ್ಜಗ ಒಂದ ಕುದರಿ ಕೊಡಪಾ.”

“ಇಲ್ಲದ್ದ ಹೇಳಿದರ ನಾಲಿಗಿ ಬೀಳತೈತ್ರಿ ಧಣಿ.”

“ಅಷ್ಟ ದೊಡ್ಡ ಕಾಳಗದಾಗ ಒಂದೂ ಕುದರಿ ಇರಲಿಲ್ಲೇನು?”

ಅವನು ರುಮಾಲಿನ ಜರಿ ಸವರಿಕೊಂಡ. “ಕುದರಿ ಇತ್ತರಿ. ತರತೇನಿ.”

ಮರುದಿನ ಅವರ ಅಂಗಳದಲ್ಲಿ ಅರ್ಧ ಊರು ಕೂಡಿತ್ತು. ತಮ್ಮ ಇಸ್ತ್ರಿ ಅಂಗಿ ಹಾಕಿಕೊಂಡು ಕಂಬಕ್ಕೆ ಒರಗಿದ್ದ. ಹೆಳವ ಎತ್ತಿನ ಮೇಲೆ ಕುಳಿತು ನಮ್ಮ ಹಿರಿಯರನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತ ಬಂದ. ಮುತ್ತಜ್ಜ ಬಂದಾಗ ದನಿ ಏರಿಸಿದ.

“ಕಿತ್ತೂರ ದಂಡಿಗೆ ಹುಲ್ಲ ಹೊರಾಕ ಹ್ವಾದಾಂವ. ಅಲ್ಲೊಂದ ಕುದರಿ ಇತ್ತು.”

ನಾನು ಎದೆ ಉಬ್ಬಿಸಿ ಎಲ್ಲರನ್ನೂ ನೋಡಿದೆ.

“ಬಿಳೀ ಕುದರಿ. ಅದರ ಮ್ಯಾಲ ಕಂಪನಿ ಸರಕಾರದ ಸಾಹೇಬ. ಕುದರಿ ಮುಂದ ಇವರ ಮುತ್ತಜ್ಜ, ಹುಲ್ಲಿನ ಹೊರಿ ಒಗದು ಓಡಾಕತ್ತಿದ್ದ.”

ಅಂಗಳಕ್ಕೆ ಅಂಗಳವೇ ನಕ್ಕಿತು. ಹುಡುಗಿಯ ಅಪ್ಪ ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕು, “ಹಂಗಾರ ಇಂಥಾ ಮನಿಗೆ ನಮ್ಮ ಹುಡಿಗಿನ್ನ...” ಎಂದು ಬಾಯಿ ತೆರೆದ. ತಮ್ಮನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಆದರೆ ಹೆಳವ ಶುರು ಮಾಡಿದನೆಂದರೆ ನಡುವೆ ನಿಲ್ಲುವವನಲ್ಲ.

“ಇವರ ಮುತ್ತಜ್ಜನ ಮುಂದ ಇನ್ನೂ ಒಬ್ಬಾಂವ ಓಡಾಕತ್ತಿದ್ದ. ಅವನ ಕೈಯಾಗ ನಿಶಾನಿ ಇತ್ತು.”

ನಗೆ ಗಪ್ಪಾಯಿತು.

“ನಿಶಾನಿ ಕಾಲಾಗ ತೊಡರಾಕತ್ತಿತು. ಅದನ್ನ ಒಂದ ಜಾಲಿ ಗಿಡಕ್ಕ ಆನಿಸಿ ಇಟ್ಟು, ಧೋತರ ಕಚ್ಚಿ ಬಿಗಿ ಮಾಡಿ... ಅಂವ ಯಾರ ಮನಿಯಾಂವ ಅಂದರ...”

“ಸಾಕಪಾ,” ಎಂದ ಹುಡುಗಿಯ ಅಪ್ಪ. “ಊಟಕ್ಕ ಏಳು. ಎತ್ತು ಬಿಸಲಾಗ ನಿಂತೈತಿ.”

ಆಮೇಲೆ ನನ್ನ ತೋಳು ಹಿಡಿದು ದನದ ಕೊಟ್ಟಿಗೆಗೆ ಕರೆದೊಯ್ದ. “ಬೀಗರ, ಈ ಮಾತ ಇಲ್ಲಿಗೇ ಮುಗೀಬೇಕು.”

“ಬೀಗರ ಅಂದ್ರಿ?”

“ಮತ್ತೇನ ಅನ್ಲಿ? ಅಷ್ಟ ದೂರ ಓಡಿದರೂ ನಿಮ್ಮಾಂವ ನಮ್ಮಾಂವನ ಬೆನ್ನ ಬಿಡಲಿಲ್ಲ. ಇದಕ್ಕಿಂತ ಸರಿಜೋಡಿ ಮನಿತನ ಎಲ್ಲಿ ಹುಡಕಲಿ?”

ಲಗ್ನ ಆಯಿತು. ಈಗ ತಮ್ಮನಿಗೊಬ್ಬ ಮಗ, ನಡೆಯುವ ಮೊದಲೇ ಓಡಲು ಕಲಿತಿದ್ದಾನೆ. ಎರಡೂ ಕಡೆಯ ರಕ್ತ, ಏನು ಮಾಡುವುದು? ನನ್ನ ಮೈಯಲ್ಲೂ ಅದೇ ಹರಿಯುತ್ತಿದೆ ನೋಡ್ರಿ. ಅಗೋ, ಚಾದಂಗಡಿಯವ ಈ ಕಡೆಗೇ ಬರುತ್ತಿದ್ದಾನೆ. ನಾ ಹಿಂದಿನ ಬಾಗಿಲಿಂದ ಹೊಂಟೆ, ಚಾದ ರೊಕ್ಕ ನೀವೇ ಕೊಟ್ಟುಬಿಡ್ರಿ.