ಗೋಲ್‌ಗಪ್ಪಾ ತಿಂದ ಅಜ್ಜಿ

ದಿಲ್ಲಿಯ ಪೀತಮ್‌ಪುರದ ಕನ್ನಡ ಬಳಗದಲ್ಲಿ ಇನ್ನು ಮೇಲೆ ತನ್ನನ್ನು ಮೀರಿಸುವ ಓದುಗ ಇರಕೂಡದು ಎಂದು ಏಕನಾಥ ಘೋರ ಶಪಥ ಮಾಡಿದ! ಶಪಥಕ್ಕೇನು, ಬಾಯಿದ್ದರೆ ಸಾಕು. ಓದಲು ಕಣ್ಣು ತೆರೆದಿರಬೇಕು. ತಾನು ಕೆಲಸ ಮಾಡುವ ಸಚಿವಾಲಯದ ಕಡತ ಬಿಟ್ಟು ಬೇರೆ ಏನನ್ನು ಹಿಡಿದರೂ ಅವನಿಗೆ ಎರಡನೇ ಪುಟಕ್ಕೇ ಗೊರಕೆ ಬರುತ್ತಿತ್ತು.

ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಪದ್ಧತಿ. ಭಾನುವಾರ ಬೆಳಗಾಯಿತೆಂದರೆ ನಿವೃತ್ತ ಟೀಚರ್ ಇಂದಿರಮ್ಮ, "ಈ ವಾರ ಯಾರ ಕೈಯಲ್ಲಿ ಯಾವ ಪುಸ್ತಕ?" ಎಂದು ಕೇಳುತ್ತಾರೆ. ಎಲ್ಲರೂ ಪುಸ್ತಕದ ಫೋಟೊ ಹಾಕಿ ನಾಲ್ಕು ಮಾತು ಬರೆಯಬೇಕು. ಏಕನಾಥ ಹೆಂಡತಿ ಮಯೂರಿಯ ದಿಂಬಿನ ಪಕ್ಕದಲ್ಲಿದ್ದ ಕಾದಂಬರಿಯನ್ನು ಎತ್ತಿಕೊಂಡು, ಪಕ್ಕದಲ್ಲೊಂದು ಕಾಫಿ ಲೋಟ ಇಟ್ಟು, ಫೋಟೊ ತೆಗೆದು ಹಾಕಿಯೇಬಿಟ್ಟ.

"ರೀ, ಅದು ನಾನು ಮೆಟ್ರೋದಲ್ಲಿ ಓದ್ತಿರೋ ಪುಸ್ತಕ!"

"ಗಂಡ ಹೆಂಡತಿ ಮಧ್ಯೆ ನಂದು ನಿಂದು ಅಂತ ಏನೇ?"

"ಅಚ್ಛಾ! ಹಾಗಾದ್ರೆ ಸಿಂಕಲ್ಲಿರೋ ಪಾತ್ರೇನೂ ನಮ್ಮಿಬ್ಬರದ್ದೇ. ಬನ್ನಿ, ತೊಳೀರಿ!"

ಫೋಟೊ ಏನೋ ಆಯಿತು, ನಾಲ್ಕು ಮಾತು ಎಲ್ಲಿಂದ ತರುವುದು? ಅದಕ್ಕೂ ಮನೆಯಲ್ಲೇ ದಾರಿಯಿತ್ತು. ದಿಲ್ಲಿಯಲ್ಲೇ ಬೆಳೆದ ಮಗಳು ಗಾನವಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಮಯೂರಿ ಓದಿದ್ದನ್ನೆಲ್ಲ ಊಟದ ಹೊತ್ತಿಗೆ ಅವಳಿಗೆ ಕಥೆ ಮಾಡಿ ಹೇಳುತ್ತಿದ್ದಳು. ಏಕನಾಥ ಚಪಾತಿಯ ಜೊತೆ ಕಥೆಯನ್ನೂ ನುಂಗಿ, ಭಾನುವಾರ ಅದನ್ನೇ ತನ್ನ ಓದೆಂದು ಬಡಿಸುತ್ತಿದ್ದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಗುಂಪಿನಲ್ಲಿ ಹೊಗಳಿಕೆ ಸುರಿಯಿತು. ಅದಕ್ಕಿಂತ ಹೆಚ್ಚಿಗೆ ಅವನನ್ನು ಹಿಗ್ಗಿಸಿದ್ದು ಗಾನವಿ. ಅಲ್ಲಿಯವರೆಗೆ ಅಪ್ಪ ಎಂದರೆ ರಿಮೋಟ್ ಹುಡುಕುವ ಪ್ರಾಣಿ ಎಂದುಕೊಂಡಿದ್ದ ಹುಡುಗಿ, ಈಗ ಗೆಳತಿಯರ ಮುಂದೆ "ಮೇರೇ ಪಾಪಾ ಬಹುತ್ ಪಢ್ತೇ ಹೈಂ" ಎಂದು ಅಪ್ಪನ ಓದಿನ ಜಂಬ ಕೊಚ್ಚುತ್ತಿದ್ದಳು. ಮಗಳ ಆ ಮಾತು ಸುಳ್ಳಾಗಬಾರದು ಎನ್ನುವುದೊಂದೇ ಈಗ ಏಕನಾಥನ ಆಸೆ. ಪುಸ್ತಕ ಓದಿದ್ದರೆ ಅದು ಸುಲಭವಾಗಿಯೇ ತೀರುತ್ತಿತ್ತು.

ಅಷ್ಟರಲ್ಲಿ ಇಂದಿರಮ್ಮನ ಅಪ್ಪಣೆಯಾಯಿತು. ಮುಂದಿನ ಭಾನುವಾರ ಅವರ ಮನೆಯಲ್ಲಿ ಎಲ್ಲರೂ ಸೇರುವುದು, ಆ ಕಾದಂಬರಿಯ ಬಗ್ಗೆ ಏಕನಾಥ ಮಾತಾಡುವುದು!

"ರೀ, ಒಂದು ಸಲ ಓದಿಬಿಡಿ. ನಾನು ಹೇಳೋ ಕಥೆ ನಂಬ್ಕೊಂಡು ಹೋಗಬೇಡಿ," ಎಂದಳು ಮಯೂರಿ.

"ಕಥೆ ಪೂರ್ತಿ ಗೊತ್ತು ಕಣೇ. ಗೊತ್ತಿರೋದನ್ನ ಮತ್ತೆ ಓದೋದು ದಡ್ಡರು!"

ಭಾನುವಾರ ಬಂತು. ಗಾನವಿ ಎಲ್ಲರಿಗಿಂತ ಮುಂದೆ, ಅಪ್ಪನ ಮುಖ ಕಾಣುವ ಹಾಗೆ ಕೂತಳು. ಏಕನಾಥ ಎದ್ದು ನಿಂತ. ಜಗಳವಾಡಿ ದೂರವಾದ ತಮ್ಮನನ್ನು ಹುಡುಕಿಕೊಂಡು, ಹಳೆಯ ಕಾಲದ ಬಾದಾಮಿ ಸೀಮೆಯ ಮುದುಕಿಯೊಬ್ಬಳು ಹೊಳೆಯಾಚೆಯ ಊರಿಗೆ ಹೊರಡುವ ಕಥೆಯನ್ನು ಕೈ ಕುಣಿಸುತ್ತ ಹೇಳಿದ. ಕೊನೆಗೆ ಬಂದಾಗ ದನಿ ಏರಿಸಿದ.

"ಅಜ್ಜಿ ಹೊಳೆ ದಾಟುತ್ತಾಳೆ! ತಮ್ಮ ಓಡಿ ಬಂದು ತಬ್ಬಿಕೊಳ್ಳುತ್ತಾನೆ! ಇಬ್ಬರೂ ಸಂತೆಯಲ್ಲಿ ನಿಂತು ಗೋಲ್‌ಗಪ್ಪಾ ತಿನ್ನುತ್ತಾರೆ! ಬಂಧುಗಳೇ, ಅದು ಬರೀ ಗೋಲ್‌ಗಪ್ಪಾ ಅಲ್ಲ, ಮುರಿದ ಮನಸ್ಸುಗಳ ಮಹಾಸಂಗಮ!"

ನೋಯ್ಡಾದಿಂದ ಬಂದಿದ್ದ ಕಿರಣ್ ಮೆಲ್ಲಗೆ ಕೈ ಎತ್ತಿದ. "ಸಾರ್, ಆ ಕಾಲದಲ್ಲಿ, ಬಾದಾಮಿ ಕಡೆ ಸಂತೇಲಿ ಗೋಲ್‌ಗಪ್ಪಾ, ಈ ದಿಲ್ಲಿ ಪಾನಿಪೂರಿ?"

"ಅದೇ ಕಣ್ರೀ ಲೇಖಕರ ಪ್ರತಿಭೆ!"

ಇಂದಿರಮ್ಮ ಮುಂದಕ್ಕೆ ಬಾಗಿದರು. "ಅಲ್ಲಪ್ಪಾ ಏಕನಾಥ, ಆ ಅಜ್ಜಿ ಹೊಳೆ ದಂಡೆಯಲ್ಲೇ ತೀರಿಕೊಂಡಳಲ್ಲ? ತಮ್ಮ ಬಂದದ್ದು ಮಣ್ಣು ಮಾಡೋಕೆ."

ಕೋಣೆಗೆ ಕೋಣೆಯೇ ಗೊಳ್ಳೆಂದಿತು! ಏಕನಾಥ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದಳು. ಗಾನವಿ ಎದ್ದು ನಿಂತ ಮೇಲೆ ನಗು ಒಬ್ಬೊಬ್ಬರದಾಗಿ ನಿಂತಿತು.

"ಮಮ್ಮಿ, ಅಜ್ಜಿ ಸತ್ತೋದ್ರಾ? ಸಚ್ಚೀ?"

ಹೋದ ವರ್ಷ ಹುಬ್ಬಳ್ಳಿಯಲ್ಲಿ ಮಯೂರಿಯ ಅಮ್ಮ ತೀರಿಕೊಂಡಿದ್ದರು. ಆಗಿನಿಂದ ಗಾನವಿ ಮಂಕಾಗಿದ್ದಳು. ಮಗಳ ಮುಂದೆ ಇನ್ನೊಬ್ಬ ಅಜ್ಜಿಯನ್ನು ಸಾಯಿಸಲು ಮಯೂರಿಗೆ ಬಾಯಿ ಬಂದಿರಲಿಲ್ಲ. ಹೊಳೆ ದಾಟಿಸಿ, ಮಗಳಿಗೆ ಇಷ್ಟವೆಂದು ಗೋಲ್‌ಗಪ್ಪಾವನ್ನೂ ತಿನ್ನಿಸಿದ್ದಳು. ದಿನವೂ ಎದುರಿಗೇ ಕೂತು ಉಂಡ ಏಕನಾಥನಿಗೆ ಕಥೆ ಕೇಳಿಸಿತ್ತು, ಹೆಂಡತಿಯ ಸಂಕಟ ಕೇಳಿಸಿರಲಿಲ್ಲ. ಸಭೆಯ ನಗುವಿಗಿಂತ ಇದೇ ಅವನನ್ನು ಹೆಚ್ಚು ಚುಚ್ಚಿತು.

ಆಟೋ ಹಿಡಿದು ಮೂವರೂ ಮನೆಗೆ ಬಂದರು. ಬಾಗಿಲು ತೆಗೆದು ಒಳಗೆ ಬಂದವನೇ ಏಕನಾಥ ಮಗಳ ಮುಂದೆ ಕುಕ್ಕರಿಸಿ ಕೂತ.

"ಪುಟ್ಟಾ, ನಾನು ಆ ಪುಸ್ತಕ ಓದೇ ಇಲ್ಲ."

"ಪತಾ ಹೈ, ಗೊತ್ತು," ಎಂದಳು ಗಾನವಿ. ಅಮ್ಮನ ಚೀಲದಿಂದ ಕಾದಂಬರಿ ತೆಗೆದು ಅವನ ಕೈಗಿಟ್ಟಳು. "ನೀವೇ ಓದಿ ಹೇಳಿ, ಪಾಪಾ. ಶುರುವಿಂದ. ಪೂರಾ."

ಏಕನಾಥನ ಎದೆ ಉಬ್ಬಿತು. ಇಷ್ಟೆಲ್ಲ ಆದರೂ ಅಪ್ಪನ ಮೇಲೆ ನಂಬಿಕೆ! ಮಯೂರಿಯ ಕಡೆ ಗೆದ್ದವನ ಹಾಗೆ ನೋಡಿ, "ಯಾಕೆ, ಅಮ್ಮ ಓದೋದು ಬೇಡ್ವಾ?" ಎಂದ.

"ಬೇಡ. ಮಮ್ಮಿಗೆ ಕಥೆ ಗೊತ್ತು, ಅದಕ್ಕೇ ಬದಲಾಯಿಸ್ತಾರೆ. ನಿಮಗೆ ಏನೂ ಗೊತ್ತಿಲ್ವಲ್ಲ, ಅಲ್ಲಿ ಬರೆದಿರೋದನ್ನೇ ಓದಬೇಕು!"