ಸಿ ಅಣ್ಣನಿಗೆ, ಡಿ ತಮ್ಮನಿಗೆ

ಇಂಡಿ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಡಬ್ಬಿ ಬಿಚ್ಚಿದರೆ ಸಾಕು, ಒಳಗಿಂದ ಇಡೀ ಮನೆತನವೇ ಹೊರಗೆ ಬರುತ್ತದೆ. ಸಾಲೋಟಗಿಯ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಒಂದೇ ದಿನ ಮೂರು ಸಲ ಹೀಗಾಯಿತು.

ಫೋನಿನಲ್ಲೇ ಮಾಸ್ತರರು ಅವಸರದಲ್ಲಿದ್ದರು. "ಲಗೂನ ಬರ್ರಿ. ಮಗಳ ಮದುವಿ ವಿಡಿಯೊ ಪೆನ್‌ಡ್ರೈವಿನ್ಯಾಗ ಐತಿ. ತೀರಿಹೋದ ನಮ್ಮಪ್ಪನ ದನಿ ಉಳಿದಿದ್ದು ಅದರಾಗ ಅಷ್ಟ. ಹತ್ತು ಸಲ ಚುಚ್ಚಿದ್ರ ಒಮ್ಮೆ ತಗೀತೈತಿ. ಕಂಪ್ಯೂಟರಿಗೆ ಹಾಕ್ಕೋಬೇಕಂದ್ರ ಇದು ಮ್ಯಾಲ ಏಳವಲ್ದು."

ಅವರ ಮನೆಗೆ ಹೋಗಿ ನಾನು ಇನ್ನೂ ಕೂತಿರಲಿಲ್ಲ, ಹೊರಸಿನ ಮೇಲೆ ಮಲಗಿದ್ದ ಅವರ ತಾಯಿ, "ನಮ್ಮ ಮನಿಯವರ ದನಿ ಉಳಸಪಾ" ಅಂದರು.

೧. ಖಂಡೆ ಪೂಜೆಯ ಪ್ರಸಾದ

ಡಬ್ಬಿ ಬಿಚ್ಚಿದೆ. ಒಳಗೆ ಬೆರಳು ದಪ್ಪ ವಿಭೂತಿ. ಪ್ರತಿ ವರ್ಷ ದಸರೆಯಲ್ಲಿ ಆಯುಧಗಳ ಖಂಡೆ ಪೂಜೆಗೆ ಕುಡಗೋಲು, ಕೊಡಲಿ, ಮೋಟರ್ ಸೈಕಲ್ ಜೊತೆ ಕಂಪ್ಯೂಟರಿಗೂ ಮೂರು ಪಟ್ಟೆ ಬಳಿಯುತ್ತಿದ್ದರಂತೆ, ಅದೂ ಗಾಳಿ ಹೋಗುವ ಜಾಲರಿಯ ಮೇಲೆಯೇ. ಫ್ಯಾನು ಅಷ್ಟನ್ನೂ ಒಳಗೆ ಎಳೆದುಕೊಂಡು ಕಟ್ಟಿಕೊಂಡಿತ್ತು. ಯಂತ್ರ ಕಾದು ತೆವಳುತ್ತಿತ್ತು.

ಬ್ಲೋವರ್ ಹಚ್ಚಿದೆ. ವಿಭೂತಿ ಬುಸ್ಸೆಂದು ಎದ್ದು ನಮ್ಮ ಮೂವರ ಮುಖಕ್ಕೂ ಮೆತ್ತಿಕೊಂಡಿತು. ತಾಯಿ ಕೈ ಮುಗಿದರು: "ಇಷ್ಟ ವರ್ಷ ಅದಕ್ಕ ನಾವು ಹಚ್ಚಿದ್ವಿ, ಇವತ್ತ ಅದು ನಮಗ ಹಚ್ಚಿತು."

೨. ಮೂರು ಪ್ರತಿ

ಯಂತ್ರ ಓಡತೊಡಗಿತು, ಆದರೆ ಜಾಗವಿರಲಿಲ್ಲ. ನೋಡಿದರೆ ಪ್ರತಿಯೊಂದು ಫೈಲೂ ಮೂರು ಮೂರು. ಪ್ರಶ್ನೆಪತ್ರಿಕೆ ಮೂರು, ಮೊಮ್ಮಗನ ಜಾವಳದ ಫೋಟೊ ಮೂರು, ಕರೆಂಟ್ ಬಿಲ್ಲೂ ಮೂರು.

"ಯಾಕ್ರಿ ಸರ್ ಹಿಂಗ?"

"ಒಂದು ಕನ್ನಡ ಸಾಲಿಗೆ, ಒಂದು ಮೇಲಧಿಕಾರಿಗೆ, ಒಂದು ನಮಗ. ನೌಕರಿ ರೂಢಿ."

"ಈಗ ರಿಟೈರ್ ಆಗೀರಿ. ಮೇಲಧಿಕಾರಿ ಯಾರದಾರ್ರಿ?"

ಮಾಸ್ತರರು ಹೊರಸಿನ ಕಡೆ ನೋಡಿದರು. ತಾಯಿ ಅಂದರು: "ಸಾಲಿ ಪ್ರತಿ ಅಷ್ಟ ಅಳಸ್. ನಂದು ಇರ್ಲಿ."

೩. ಬದು

ಸಾಲಿಯ ಪ್ರತಿಗಳನ್ನೆಲ್ಲ ಅಳಿಸಿದೆ. ಆಗಲೇ, ಒಂಬತ್ತನೆಯ ಸಲ ಚುಚ್ಚಿದಾಗ, ಪೆನ್‌ಡ್ರೈವ್ ತೆರೆಯಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ಅಷ್ಟು ಅಳಿಸಿದರೂ ಸಿ ಡ್ರೈವಿನಲ್ಲಿ ವಿಡಿಯೊಗೆ ಜಾಗ ಸಾಲಲಿಲ್ಲ, ಪಕ್ಕದ ಡಿ ಡ್ರೈವ್ ಬೀಳುಬಿದ್ದ ಹೊಲದಂತೆ ಖಾಲಿ ಇತ್ತು. ಅದಕ್ಕೇ ಹಾಕಲು ಹೋದೆ. ಮಾಸ್ತರರು ನನ್ನ ಕೈ ಹಿಡಿದರು.

"ಅದಕ್ಕ ಕೈ ಹಚ್ಚಬ್ಯಾಡ್ರಿ. ಅದು ನನ್ನ ತಮ್ಮನ ಪಾಲು."

ಅಪ್ಪ ತೀರಿದ ಮೇಲೆ ಮನೆ ಪಾಲಾದಾಗ, ಕಂಪ್ಯೂಟರ್ ಕಡಿದು ಹಂಚಲು ಬಾರದೆಂದು ಪಂಚರು ಸಿ ಅಣ್ಣನಿಗೆ, ಡಿ ತಮ್ಮನಿಗೆ ಎಂದು ಮುಗಿಸಿದ್ದರಂತೆ. ತಮ್ಮ ಸಿಂದಗಿಗೆ ಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾಸ್ತರರು ಡಿಯಲ್ಲಿ ಒಂದು ಫೋಟೊ ಕೂಡ ಇಟ್ಟವರಲ್ಲ. ಅಣ್ಣ ಬದು ಒತ್ತಿದ ಅಂತ ನಾಳೆ ಮಾತು ಬರಬಾರದು.

"ಈ ಪೆನ್‌ಡ್ರೈವ್ ಯಾವಾಗ ಬಂದ್ ಆಗತೈತೊ ಗೊತ್ತಿಲ್ರಿ" ಎಂದು ನಾನು ಗೋಗರೆದೆ.

"ಅವಂಗ ಫೋನ್ ಹಚ್ಚು" ಎಂದರು ತಾಯಿ. ಮೇಲಧಿಕಾರಿಯ ಆರ್ಡರ್. ಮಾಸ್ತರರು ಹಚ್ಚಿ, ಸ್ಪೀಕರಿಗೆ ಇಟ್ಟು, ವಿಷಯ ಹೇಳಿದರು. ತಮ್ಮ ಅಂದ:

"ಅಪ್ಪನ್ನ ನನ್ನ ಪಾಲಿನ್ಯಾಗ ಇಡ್ತೀಯೇನಣ್ಣಾ? ಇಡು. ಫೋನ್ ಕಟ್ ಮಾಡಬ್ಯಾಡ, ನಾನೂ ಕೇಳ್ತೇನಿ."

ವಿಡಿಯೊವನ್ನು ಡಿಗೆ ಕಾಪಿ ಮಾಡಿದೆ. ಮುಗಿದಾಗ ಕುಣಿಯಬೇಕೆನಿಸಿತು. ವಿಡಿಯೊ ಹಚ್ಚಿದೆ. ಊಟದ ಪಂಕ್ತಿಯಲ್ಲಿ ಮಾಸ್ತರರ ಅಪ್ಪ ಇಬ್ಬರು ಮಕ್ಕಳಿಗೂ ಬೈಯುತ್ತಿದ್ದರು: "ತಾಟು ಕಮ್ಮಿ ಬಿದ್ದಾವು. ಇಬ್ಬರೂ ಒಂದ ತಾಟಿನ್ಯಾಗ ಉಣ್ರಿ."

"ಹೂಂನಪ್ಪಾ" ಎಂದ ತಮ್ಮ, ಫೋನಿನೊಳಗಿಂದ.

ಮಾಸ್ತರರು ಕಣ್ಣೊರೆಸಿಕೊಂಡು ಕೇಳಿದರು: "ಈ ಎರಡೂ ಡ್ರೈವ್ ಕೂಡಸಾಕ ಬರತೈತೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಹೊರಸಿನಿಂದ ಆರ್ಡರ್ ಬಂತು: "ಕೂಡಸೋದು ಆಮ್ಯಾಲೆ. ಮೊದಲ ಇದನ್ನ ಮೂರು ಪ್ರತಿ ಮಾಡ್. ಒಂದು ಇವಂಗ, ಒಂದು ಅವಂಗ, ಒಂದು ಮೇಲಧಿಕಾರಿಗೆ."