ಚುಕ್ಕಿ ಇಟ್ಟ ಸೊನ್ನೆ

ನುರ್ಜಾದಾ: ಈ ಅಕ್ಷರ ಬೇಡ ಅಂದ್ರೆ ಬೇಡ, ತಾಲಾಯ್. ಸೊನ್ನೆ ಯಾವುದು, 'O' ಅಕ್ಷರ ಯಾವುದು ಅಂತ ದೇವರಿಗೇ ಗೊತ್ತಾಗಲ್ಲ.

ತಾಲಾಯ್: ಎಷ್ಟು ನಾಜೂಕಾಗಿ ನಿಂತಿದೆ ನೋಡು. ಪುಟಕ್ಕೇ ಒಂದು ಕಳೆ.

ನುರ್ಜಾದಾ: ನಿನ್ನ ಕಳೆಗೋಸ್ಕರ ಹಿಮದಲ್ಲಿ ಐದು ಗಂಟೆ ಕುದುರೆ ಮೇಲೆ ಕೂತವಳು ನಾನು.

ಬೆಟ್ಟದ ಹವಾಮಾನ ಠಾಣೆಗಳ ಯಂತ್ರಕ್ಕೆ ಕೈಪಿಡಿ ಹೋಗುವುದು ನರೀನ್ ಊರಿನ ಈ ಪುಟ್ಟ ಕಚೇರಿಯಿಂದ. ಬರೆಯುವವಳು ನುರ್ಜಾದಾ, ಅಕ್ಷರದ ವಿನ್ಯಾಸ ಆರಿಸಿ ಪುಟ ಕಟ್ಟುವವನು ತಾಲಾಯ್. ಹೋದ ತಿಂಗಳು, ಎಲ್ಲರೂ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಮುದುಕಿ ಕುಲಿಪಾ ನೋಡಿಕೊಳ್ಳುವ ಠಾಣೆಯ ಯಂತ್ರ ಒತ್ತಿದ ಸಂಕೇತ ಒಪ್ಪದೆ ಹಟ ಹಿಡಿದು ಕೂತಾಗ ಬೆಟ್ಟ ಹತ್ತಿದ್ದೂ ನುರ್ಜಾದಾಳೇ. ತೊಡೆ ನೋವು ಇನ್ನೂ ಹೋಗಿಲ್ಲ. ಹೊಸ ಕೈಪಿಡಿ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಇನ್ನೊಂದು ಸಲ ಕುದುರೆ ಹತ್ತುವುದು ಅವಳ ಕೈಲಾಗದ ಮಾತು.

ತಾಲಾಯ್: ಅಪಾ ತಪ್ಪು ಒತ್ತಿದ್ರೆ ಅಕ್ಷರ ಏನು ಮಾಡುತ್ತೆ?

ನುರ್ಜಾದಾ: ಕಂಡ್ರೆ ತಾನೇ ಸರಿಯಾಗಿ ಒತ್ತೋದು? ಇದನ್ನ ನೋಡು. ಎಲ್ಲಾ ಅಕ್ಷರಕ್ಕೂ ಒಂದೇ ಅಗಲ, ಸೊನ್ನೆ ಹೊಟ್ಟೇಲಿ ಚುಕ್ಕಿ.

ತಾಲಾಯ್: ಹಿಟ್ಟಿನ ಮೂಟೆ ಸಾಲಾಗಿಟ್ಟ ಹಾಗಿದೆ.

ನುರ್ಜಾದಾ: ನಿನ್ನದು ಊಟ ಕಂಡು ವಾರ ಆದ ಹಾಗಿದೆ.

ಠಾಣೆಗೆ ಸಾಮಾನು ಒಯ್ಯಲು ಬೆಟ್ಟ ಇಳಿದು ಬಂದಿದ್ದ ಕುಲಿಪಾ ಅಪಾ ಮೂಲೆಯಲ್ಲಿ ಚಹಾ ಹೀರುತ್ತ ಎಲ್ಲ ಕೇಳುತ್ತಿದ್ದರು.

ತಾಲಾಯ್: ಅಪಾನೇ ಹೇಳಲಿ. ಕೈಪಿಡಿ ಓದೋಕೆ ಕಷ್ಟ ಆಯ್ತಾ, ಅಪಾ?

ಅಪಾ: ಅದೆಲ್ಲಿದೆ ಓದೋಕೆ? ಚಹಾ ಪಾತ್ರೆ ಕೆಳಗಿದೆ.

ಅವರು ಕೋಟಿನೊಳಗಿಂದ ಶಾಲೆ ಮಕ್ಕಳ ಚೌಕುಳಿ ಪುಸ್ತಕ ತೆಗೆದರು.

ಅಪಾ: ಭೂತಗನ್ನಡಿ ಹಿಡಿದು ಇದಕ್ಕೆ ಇಳಿಸಿಕೊಂಡೆ. ನಿಮ್ಮ ಸೊನ್ನೆ 'O'ಗಿಂತ ಒಂದು ಕೂದಲೆಳೆ ಸಪೂರ. ಒಂದು ಚೌಕಕ್ಕೆ ಒಂದು ಅಕ್ಷರ, ಸೊನ್ನೆಗೆ ಚುಕ್ಕಿ.

ನುರ್ಜಾದಾ: ಕೇಳಿಸ್ತಾ, ತಾಲಾಯ್? ಇದು ನನ್ನ ಅಕ್ಷರ.

ತಾಲಾಯ್: ಏಳನೇ ಸಾಲಲ್ಲಿ ಒಂದು ಸೊನ್ನೆಗೆ ಚುಕ್ಕಿನೇ ಇಲ್ಲವಲ್ಲ, ಅಪಾ.

ಅಪಾ: ಅದು ಸೊನ್ನೆ ಅಲ್ಲ ಕಣೋ, 'O'. ನೀವು ಕೊಟ್ಟಿದ್ದೇ ಹಾಗೆ, ನಾನು ಒತ್ತಿದ್ದೂ ಹಾಗೇ.

ತಾಲಾಯ್ ಕಂಪ್ಯೂಟರಿನಲ್ಲಿದ್ದ ಮೂಲ ಬರಹಕ್ಕೆ ನುರ್ಜಾದಾಳ ಅಕ್ಷರವನ್ನೇ ತೊಡಿಸಿದ. ಏಳನೇ ಸಾಲಿನಲ್ಲಿ, ಚುಕ್ಕಿ ಇಟ್ಟ ಸೊನ್ನೆಗಳ ನಡುವೆ, ಸೊನ್ನೆ ಇರಬೇಕಾದ ಕಡೆ, ಬೋಳು 'O' ಒಂದು ಎದ್ದು ಕಂಡಿತು. ಅವನು ನಕ್ಕು ನಕ್ಕು ಮೇಜು ಹಿಡಿದುಕೊಂಡ. ನುರ್ಜಾದಾಳ ಕಿವಿ ಕೆಂಪಾಯಿತು. ಅವಳನ್ನು ಕುದುರೆ ಹತ್ತಿಸಿದ್ದು ಅವಳೇ.

ತಾಲಾಯ್: ಇದನ್ನ ಬರೆದ ಮಹಾತಾಯಿ ಯಾರು?

ನುರ್ಜಾದಾ: ನಿನ್ನ ಸಣಕಲು ಅಕ್ಷರದಲ್ಲಿ ಬರೆದಿದ್ದೆ. ನನಗೇ ಕಾಣಲಿಲ್ಲ.

ತಾಲಾಯ್: ಸರಿ, ನಿನ್ನದನ್ನೇ ಹಾಕ್ತೀನಿ. ನಿನ್ನ ತಪ್ಪು ಇಷ್ಟು ಚೆನ್ನಾಗಿ ಕಾಣೋದಾದ್ರೆ ನನ್ನದೇನು ತಕರಾರು?

ಅಪಾ: ಯಾವುದಾದ್ರೂ ಹಾಕ್ಕೊಳ್ಳಿ. ರಟ್ಟು ಮಾತ್ರ ದಪ್ಪ ಇರಲಿ, ಚಹಾ ಪಾತ್ರೆ ತುಂಬಾ ಬಿಸಿ ಇರುತ್ತೆ.